ಸ್ನಾಯು ಬಿಗಿತದ ಕಿಬ್ಬೊಟ್ಟೆ ನೋವು: ಕೊಡಗಿನಲ್ಲಿದ್ದುಕೊಂಡು ಯಾವ ಚಿಕಿತ್ಸೆ ಆರಿಸಿಕೊಳ್ಳಬೇಕು?

ಕಿಬ್ಬೊಟ್ಟೆಯಲ್ಲೋ ತೊಡೆಸಂದಿಯಲ್ಲೋ ಬಾಲಮೂಳೆಯ ಸುತ್ತಲೋ ಆರು ತಿಂಗಳಿಗೂ ಮೀರಿ ಬಿಡದೆ ಕಾಡುವ ನೋವು. ಕೂತಷ್ಟೂ ಜಾಸ್ತಿ, ಮಲಗಿದರೆ ಕೊಂಚ ಹಗುರ. ಮೂತ್ರ ಮಾಡಿ ಬಂದ ಮೇಲೂ ಇನ್ನೂ ಉಳಿದಿದೆ ಅನ್ನಿಸುವುದು, ಗುದದ್ವಾರದೊಳಗೆ ಏನೋ ಉಂಡೆ ಇದೆ ಅನ್ನಿಸುವುದು, ಗಂಡ ಹೆಂಡತಿ ಕೂಡಿದ ಮೇಲೆ ಒಂದೆರಡು ದಿನ ನೋವು, ಉರಿ. ಮೂತ್ರ ಪರೀಕ್ಷೆ, ರಕ್ತ ಪರೀಕ್ಷೆ, ಸ್ಕ್ಯಾನಿಂಗ್ ಎಲ್ಲವೂ ‘ನಾರ್ಮಲ್’. ಹೀಗೆ ಅಲೆದಲೆದು ಕೊನೆಗೊಬ್ಬ ಡಾಕ್ಟರು ‘ಇದು ಒಳಗಿನ ಸ್ನಾಯು ಬಿಗಿದು ಬರುವ ನೋವು’ ಎಂದಾಗ ಅರ್ಧ ಭಾರ ಇಳಿಯುತ್ತದೆ. ಆದರೆ ಮುಂದಿನ ದಾರಿ ಅಲ್ಲಿಂದಲೇ ಕವಲೊಡೆಯುತ್ತದೆ. ಮಾತ್ರೆ, ಇಂಜೆಕ್ಷನ್, ಫಿಸಿಯೋಥೆರಪಿ, ಬೊಟಾಕ್ಸ್, ಕರೆಂಟ್ ಕೊಡಿಸುವುದು, ಎಣ್ಣೆ ಹಚ್ಚಿಸುವುದು, ಕೆಲವರಿಗೆ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಸಲಹೆ. ಇಷ್ಟರಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ಯಾವುದು ಬೇಡವೇ ಬೇಡ ಎಂಬುದನ್ನು ತೂಗಿ ನೋಡಲು ಈ ಬರಹ.

ನಾನು ಫಿಸಿಯೋಥೆರಪಿಸ್ಟ್. ಹಾಗಾಗಿ ನನ್ನ ಒಲವು ಯಾವ ಕಡೆಗಿದೆ ಎಂದು ನೀವು ಊಹಿಸಬಹುದು. ಆ ಒಲವಿಗೆ ಆಧಾರ ಏನು ಎಂಬುದನ್ನೂ, ನನ್ನ ಕಸುಬಿನಿಂದ ಆಗದ್ದು ಏನು ಎಂಬುದನ್ನೂ ಜೊತೆಗೇ ಹೇಳುತ್ತೇನೆ.

ನೋವು ಸ್ನಾಯುವಿನದೇ ಎಂಬುದು ಮೊದಲು ಖಾತ್ರಿಯಾಗಲಿ

ಸೊಂಟದ ಮೂಳೆಗೂಡಿನ ತಳದಲ್ಲಿ, ಮುಂದಿನ ಮೂಳೆಯಿಂದ ಬಾಲಮೂಳೆಯವರೆಗೆ ಹರಡಿಕೊಂಡ ಸ್ನಾಯುಗಳ ಪದರವೊಂದಿದೆ. ಅದಕ್ಕೆ ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ. ಮೂತ್ರಕೋಶ, ಗರ್ಭಕೋಶ, ಮಲನಾಳ ಎಲ್ಲಕ್ಕೂ ಅದೇ ಆಸರೆ. ಅದರ ಮುಖ್ಯ ಸ್ನಾಯು ಲಿವೇಟರ್ ಏನೈ. ಪಕ್ಕದ ಗೋಡೆಯಲ್ಲಿ ಆಬ್ಟ್ಯುರೇಟರ್ ಇಂಟರ್ನಸ್ ಎಂಬ ಇನ್ನೊಂದು. ಮೂತ್ರ, ಮಲ ಹೋಗುವಾಗ ಇವು ಸಡಿಲವಾಗಬೇಕು, ಆಮೇಲೆ ಮತ್ತೆ ಹಿಡಿದುಕೊಳ್ಳಬೇಕು. ಈ ನೋವಿರುವವರಲ್ಲಿ ಅವು ಸಡಿಲವಾಗುವುದನ್ನೇ ಮರೆತಿರುತ್ತವೆ. ಇಡೀ ದಿನ ಮುಷ್ಟಿ ಬಿಗಿಹಿಡಿದೇ ಇದ್ದರೆ ಸಂಜೆಗೆ ಕೈ ಹೇಗೆ ನೋಯುತ್ತದೋ ಹಾಗೆ.

ನಮ್ಮ ಜಿಲ್ಲೆಯಲ್ಲಿ ಈ ಬಿಗಿತಕ್ಕೆ ಕಾರಣಗಳು ಕಣ್ಣೆದುರೇ ಇವೆ. ಕುಯ್ಲಿನ ಕಾಲದಲ್ಲಿ ತೋಟಕ್ಕಿಳಿದ ಹೆಂಗಸರು ಬೆಳಿಗ್ಗೆಯಿಂದ ಸಂಜೆವರೆಗೆ ಮೂತ್ರ ಕಟ್ಟಿಕೊಂಡಿರುತ್ತಾರೆ. ತೋಟದೊಳಗೆ ಶೌಚಾಲಯ ಎಲ್ಲಿದೆ? ಹೋಗಬೇಕಾದೀತೆಂದು ನೀರನ್ನೂ ಕುಡಿಯುವುದಿಲ್ಲ. ವರ್ಷಗಟ್ಟಲೆ ಹೀಗೆ ಹಿಡಿದಿಟ್ಟುಕೊಂಡ ಸ್ನಾಯು ಹಿಡಿದ ಹಿಡಿತ ಬಿಡುವುದಿಲ್ಲ. ಇದನ್ನು ಕೂಲಿಯವರ ಆರೋಗ್ಯದ ದೊಡ್ಡ ವಿಷಯವೆಂದು ತೋಟದ ಮಾಲೀಕರು ನೋಡಬೇಕು. ಗಂಡಸರಲ್ಲಿ ಜೀಪು, ಪಿಕಪ್ ಓಡಿಸುವವರು, ಗಂಟೆಗಟ್ಟಲೆ ಕಳೆ ಕತ್ತರಿಸುವ ಮಿಷನ್ ಹಿಡಿಯುವವರು, ಮಳೆಗಾಲದಲ್ಲಿ ಜಾರಿ ಬಾಲಮೂಳೆಗೆ ಪೆಟ್ಟು ಮಾಡಿಕೊಂಡವರು ಬರುತ್ತಾರೆ. ಹೆರಿಗೆಯ ಹೊಲಿಗೆ, ಹಳೆಯ ಮಲಬದ್ಧತೆ, ಎಂದೋ ಬಂದು ವಾಸಿಯಾದ ಮೂತ್ರದ ಸೋಂಕು, ತೀರದ ಆತಂಕ ಇವೂ ಕಾರಣವಾಗುತ್ತವೆ.

ಯಾವ ಸ್ಕ್ಯಾನಿಂಗೂ ಈ ನೋವನ್ನು ತೋರಿಸುವುದಿಲ್ಲ. ಗೊತ್ತಾಗುವುದು ಬೆರಳಿನಿಂದ. ಡಾಕ್ಟರು ಅಥವಾ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಗ್ಲೌಸ್ ಹಾಕಿದ ಒಂದು ಬೆರಳಿನಿಂದ, ಹೆಂಗಸರಿಗೆ ಯೋನಿಯ ಮೂಲಕ, ಗಂಡಸರಿಗೆ ಗುದದ್ವಾರದ ಮೂಲಕ, ಆ ಸ್ನಾಯುಗಳನ್ನು ಒಂದೊಂದಾಗಿ ಮೆಲ್ಲಗೆ ಒತ್ತಿ ನೋಡುತ್ತಾರೆ. ಒತ್ತಿದಾಗ ‘ಇದೇ ನೋವು, ಇದೇ’ ಎಂದು ನಿಮಗೆ ಅನ್ನಿಸಿದರೆ ಜಾಗ ಸಿಕ್ಕಿತು. ಈ ಪರೀಕ್ಷೆ ಮಾಡದೆ ಯಾರಾದರೂ ‘ಸ್ನಾಯು ನೋವು’ ಎಂದಿದ್ದರೆ ಅದಿನ್ನೂ ಊಹೆ. ನಿಮ್ಮ ಒಪ್ಪಿಗೆ ಇಲ್ಲದೆ ಯಾರೂ ಇದನ್ನು ಮಾಡುವಂತಿಲ್ಲ, ಮಧ್ಯದಲ್ಲಿ ‘ಸಾಕು’ ಎಂದರೆ ಅಲ್ಲಿಗೇ ನಿಲ್ಲಿಸಬೇಕು, ಜೊತೆಗೊಬ್ಬ ನರ್ಸ್ ಅಥವಾ ಮನೆಯ ಹೆಂಗಸು ಇರಲಿ ಎಂದು ಕೇಳುವ ಹಕ್ಕು ನಿಮಗಿದೆ. ಮದುವೆಯಾಗದ ಹುಡುಗಿಯರಿಗೆ ಒಳಪರೀಕ್ಷೆ ಬೇಡವೆನಿಸಿದರೆ ಹೊರಗಿನಿಂದಲೇ ತೊಡೆ, ಪೃಷ್ಠ, ಕಿಬ್ಬೊಟ್ಟೆ ಮುಟ್ಟಿ ನೋಡಿ ಸಾಕಷ್ಟು ತಿಳಿಯಬಹುದು.

ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದೇ ಪದರ ಹೊರಗೆ ಬೆಳೆಯುವ ರೋಗ), ಮೂತ್ರಕೋಶದ ನೋವು, ಕರುಳಿನ ತೊಂದರೆ ಇವುಗಳ ಜೊತೆಗೂ ಸ್ನಾಯು ಬಿಗಿದುಕೊಳ್ಳುತ್ತದೆ. ಆದ್ದರಿಂದ ಒಂದು ಸಿಕ್ಕಿತೆಂದು ಇನ್ನೊಂದನ್ನು ಹುಡುಕುವುದು ನಿಲ್ಲಬಾರದು. ಮೂತ್ರದಲ್ಲೋ ಮಲದಲ್ಲೋ ರಕ್ತ, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಇವುಗಳಲ್ಲಿ ಒಂದಿದ್ದರೂ ಮೊದಲು ಡಾಕ್ಟರ ಬಳಿ ಹೋಗಿ. ತೊಡೆಗಳ ಒಳಭಾಗ, ಗುದದ ಸುತ್ತ ಮರಗಟ್ಟಿ, ಮೂತ್ರ ಮಲದ ಹಿಡಿತ ತಪ್ಪಿದರೆ ಅದೇ ದಿನ, ಅದೇ ಗಂಟೆ ಆಸ್ಪತ್ರೆಗೆ.

ಕೈಚಿಕಿತ್ಸೆ

ನನ್ನ ಮೊದಲ ಆಯ್ಕೆ ಇದು: ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ. ಬಿಗಿದ ಸ್ನಾಯುವಿನೊಳಗಿನ ನೋವಿನ ಗಂಟುಗಳನ್ನು ಒಳಗಿನಿಂದಲೂ ಹೊರಗಿನಿಂದಲೂ ಒತ್ತಿ ಹಿಡಿದು ಸಡಿಲಗೊಳಿಸುವುದು, ಹೊಟ್ಟೆ, ತೊಡೆ, ಬೆನ್ನಿನ ಅಂಟಿಕೊಂಡ ಪದರಗಳನ್ನು ಬಿಡಿಸುವುದು, ಜೊತೆಗೆ ಸ್ನಾಯುವನ್ನು ತಾನಾಗಿ ಬಿಡುವುದನ್ನು ರೋಗಿಗೆ ಕಲಿಸುವುದು. ಅಮೆರಿಕದ ಹಲವು ಆಸ್ಪತ್ರೆಗಳು ಸೇರಿ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮೂತ್ರಕೋಶದ ನೋವಿನ ಜೊತೆ ಈ ಸ್ನಾಯುಗಳಲ್ಲೂ ನೋವಿದ್ದ 81 ಹೆಂಗಸರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಈ ಕೈಚಿಕಿತ್ಸೆ, ಇನ್ನೊಂದಕ್ಕೆ ಮೈಯೆಲ್ಲ ಮಾಡುವ ಸಾಮಾನ್ಯ ಮಸಾಜ್. ಎರಡಕ್ಕೂ ಹತ್ತು ಸಲ. ಚೆನ್ನಾಗಿ ಗುಣ ಕಂಡಿತು ಎಂದವರು ಮೊದಲ ಗುಂಪಿನಲ್ಲಿ 59%, ಎರಡನೆಯದರಲ್ಲಿ 26%. ಕೈ ಮುಟ್ಟಿದರೆ ಸಾಲದು, ಸರಿಯಾದ ಜಾಗಕ್ಕೆ ಮುಟ್ಟಬೇಕು ಎಂದು ಇದರಿಂದ ತಿಳಿಯುತ್ತದೆ. ಹಾಗೆಯೇ ನೂರಕ್ಕೆ ನಲವತ್ತು ಮಂದಿಗೆ ಅಷ್ಟು ಫಲ ಸಿಗಲಿಲ್ಲ ಎಂಬುದನ್ನೂ ನಾನು ಮುಚ್ಚಿಡುವುದಿಲ್ಲ.

ಇದರಿಂದ ಆಗುವ ಕೆಡುಕು ಕಡಿಮೆ. ಮಾಡಿಸಿಕೊಂಡ ಒಂದೆರಡು ದಿನ ನೋವು ಸ್ವಲ್ಪ ಏರಬಹುದು. ಆದರೆ ಒಂದು ಎಚ್ಚರಿಕೆ ಬೇಕೇ ಬೇಕು. ಪೆಲ್ವಿಕ್ ಫ್ಲೋರ್ ಎಂದ ಕೂಡಲೇ ಅನೇಕರು ಕೀಗಲ್ ವ್ಯಾಯಾಮ ಹೇಳಿಕೊಟ್ಟುಬಿಡುತ್ತಾರೆ: ಬಿಗಿ ಮಾಡಿ, ಹಿಡಿಯಿರಿ, ಬಿಡಿ, ದಿನಕ್ಕೆ ಇಷ್ಟು ಸಲ. ಅದು ಸ್ನಾಯು ದುರ್ಬಲವಾಗಿ ಮೂತ್ರ ಸೋರುವವರಿಗೆ ಹೇಳಿದ್ದು. ಬಿಗಿದೇ ಇರುವ ಸ್ನಾಯುವನ್ನು ಇನ್ನಷ್ಟು ಬಿಗಿದರೆ ನೋವು ಹೆಚ್ಚುತ್ತದೆ. ಕೀಗಲ್ ಶುರುಮಾಡಿದ ಮೇಲೆ ನಿಮ್ಮ ನೋವು ಏರಿದ್ದರೆ ಇಂದೇ ನಿಲ್ಲಿಸಿ, ಹೇಳಿಕೊಟ್ಟವರಿಗೆ ತಿಳಿಸಿ.

ಈಗ ನಮ್ಮೂರಿನ ಕಷ್ಟ. ಒಳಚಿಕಿತ್ಸೆಯಲ್ಲಿ ತರಬೇತಿ ಇರುವ ಫಿಸಿಯೋಥೆರಪಿಸ್ಟ್‌ಗಳು ಹೆಚ್ಚಾಗಿ ಇರುವುದು ನಗರಗಳಲ್ಲಿ. ಮೊದಲ ಪರೀಕ್ಷೆಗೆ ಮಡಿಕೇರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಸ್ತ್ರೀರೋಗ ವಿಭಾಗವೂ ಶಸ್ತ್ರಚಿಕಿತ್ಸಾ ವಿಭಾಗವೂ ಅಲ್ಲಿವೆ. ಕೈಚಿಕಿತ್ಸೆಗಾದರೆ ಫಿಸಿಯೋಥೆರಪಿ ಕಾಲೇಜುಗಳಿರುವ ಮೈಸೂರಿನ ಜೆಎಸ್‌ಎಸ್, ಮಂಗಳೂರಿನ ಫಾದರ್ ಮುಲ್ಲರ್‌ನಂಥ ಕಡೆ ಮೊದಲೇ ಫೋನ್ ಮಾಡಿ ಕೇಳಿ. ‘ಪೆಲ್ವಿಕ್ ಫ್ಲೋರ್‌ಗೆ ಒಳಗಿನಿಂದ ಮಾಡುವ ಚಿಕಿತ್ಸೆ ನಿಮ್ಮಲ್ಲಿ ಇದೆಯಾ? ಗಂಡಸರಿಗೂ ಮಾಡ್ತೀರಾ?’ ಈ ಎರಡು ಪ್ರಶ್ನೆ ಕೇಳದೆ ಹೊರಡಬೇಡಿ. ಹೆಂಗಸರಿಗೆ ಮಾತ್ರ ನೋಡುವವರು ಬಹಳ ಮಂದಿ ಇದ್ದಾರೆ. ಗಂಡಸರು ಅಲ್ಲಿಯವರೆಗೆ ಹೋಗಿ ವಾಪಸು ಬರುವಂತಾಗಬಾರದು.

ಮಡಿಕೇರಿಯಿಂದ ಮೈಸೂರು ಸುಮಾರು 120 ಕಿಲೋಮೀಟರ್, ಮಂಗಳೂರು ಸುಮಾರು 140. ಕೂತರೆ ಹೆಚ್ಚಾಗುವ ನೋವಿಗೆ ಹೋಗಿಬರುವ ಆರು ಗಂಟೆ ಕೂತೇ ಚಿಕಿತ್ಸೆ ಪಡೆಯಬೇಕು! ಹತ್ತು ವಾರ ಹೀಗೆ ಓಡಾಡಿದರೆ ಅಲ್ಲಿ ಬಿಡಿಸಿದ ಗಂಟು ಹುಣಸೂರು ದಾಟುವಷ್ಟರಲ್ಲಿ ಮತ್ತೆ ಬಿಗಿದಿರುತ್ತದೆ. ಆದ್ದರಿಂದ ವಾರವಾರ ಹೋಗುವುದಕ್ಕಿಂತ, ಸಾಧ್ಯವಿರುವವರು ನೆಂಟರ ಮನೆಯಲ್ಲಿ ಉಳಿದು ಮೊದಲ ನಾಲ್ಕೈದು ಸಲದ ಚಿಕಿತ್ಸೆಯನ್ನು ಒಂದೆರಡು ವಾರದೊಳಗೆ ಮಾಡಿಸಿಕೊಂಡು, ಆಮೇಲೆ ತಿಂಗಳಿಗೊಮ್ಮೆ ಹೋಗುವುದು ಮೇಲು. ಮನೆಯಲ್ಲಿ ನೀವೇ ಮಾಡಿಕೊಳ್ಳುವ ವಿಧಾನವನ್ನು, ಹೆಬ್ಬೆರಳಿನಿಂದಲೋ ಅದಕ್ಕೆಂದೇ ಇರುವ ಬಾಗಿದ ಕೋಲಿನಿಂದಲೋ, ಅವರ ಎದುರೇ ಮಾಡಿ ತೋರಿಸಿ ಕಲಿತು ಬನ್ನಿ. ಮಧ್ಯದ ವಾರಗಳಲ್ಲಿ ವಿಡಿಯೋ ಕರೆಯಲ್ಲಿ ಮಾತಾಡಲು ಒಪ್ಪುತ್ತಾರಾ ಎಂದು ಕೇಳಿ. ದಾರಿಯಲ್ಲಿ ಮುಕ್ಕಾಲು ಗಂಟೆಗೊಮ್ಮೆ ಕೆಳಗಿಳಿದು ಹತ್ತು ಹೆಜ್ಜೆ ನಡೆಯಿರಿ. ಬಸ್ಸಿಗಿಂತ ಹಿಂದಿನ ಸೀಟಿನಲ್ಲಿ ಒರಗಿ ಮಲಗಬಹುದಾದ ಕಾರು ಸಿಕ್ಕಿದರೆ ಒಳ್ಳೆಯದು.

ಶುರುಮಾಡುವ ಕಾಲವನ್ನೂ ಯೋಚಿಸಿ. ರೋಬಸ್ಟಾ ಕುಯ್ಲು ಮುಗಿದು ಮುಂಗಾರು ಹಿಡಿಯುವವರೆಗಿನ ಎರಡೂವರೆ ಮೂರು ತಿಂಗಳು ಒಂದು ಸುತ್ತಿನ ಚಿಕಿತ್ಸೆಗೆ ಸರಿಹೊಂದುತ್ತದೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮಡಿಕೇರಿಯಿಂದ ಮಂಗಳೂರಿಗೆ ಹೋಗುವ ರಸ್ತೆ ವಾರಗಟ್ಟಲೆ ಮುಚ್ಚಿತ್ತು. ಮಳೆಗಾಲದಲ್ಲಿ ಘಟ್ಟ ಇಳಿಯುವ ಚಿಕಿತ್ಸೆ ನಂಬಿಕೊಂಡರೆ ನಡುವೆ ಕಡಿದುಹೋಗುವ ಭಯ ಇದ್ದೇ ಇದೆ.

ಬಯೋಫೀಡ್‌ಬ್ಯಾಕ್, ಕರೆಂಟ್

ಗುದದ್ವಾರದ ಒಳಗೇ ನೋವು ಹೆಚ್ಚು, ಮಲಕ್ಕೆ ತಿಣುಕಬೇಕು, ತಿಣುಕಿದರೂ ಪೂರ್ತಿ ಹೋಗದು ಎನ್ನುವವರಿಗೆ ನಾನು ಬಯೋಫೀಡ್‌ಬ್ಯಾಕನ್ನು ಮುಂದಿಡುತ್ತೇನೆ. ಸಣ್ಣ ಸೆನ್ಸರ್ ಒಳಗಿಟ್ಟು ಸ್ನಾಯು ಎಷ್ಟು ಬಿಗಿದಿದೆ ಎಂಬುದನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುತ್ತಾರೆ. ಗೆರೆ ಕೆಳಗಿಳಿಯುವುದನ್ನು ನೋಡುತ್ತ ನೋಡುತ್ತ ಬಿಡುವುದು ಕಲಿಯುತ್ತೀರಿ. ಇಟಲಿಯಲ್ಲಿ 157 ರೋಗಿಗಳ ಮೇಲೆ ನಡೆದ, 2010ರಲ್ಲಿ ಪ್ರಕಟವಾದ ಅಧ್ಯಯನ ಬಯೋಫೀಡ್‌ಬ್ಯಾಕ್, ವಿದ್ಯುತ್ ಪ್ರಚೋದನೆ ಮತ್ತು ಮಸಾಜ್ ಮೂರನ್ನೂ ಎದುರುಬದುರು ಇಟ್ಟಿತು. ಬೆರಳಿನ ಪರೀಕ್ಷೆಯಲ್ಲಿ ಸ್ನಾಯು ನೋಯುತ್ತಿದ್ದವರಲ್ಲಿ ಸಾಕಷ್ಟು ಉಪಶಮನ ಕಂಡವರು ಕ್ರಮವಾಗಿ 87%, 45%, 22%. ಫಲ ಒಂದು ವರ್ಷದವರೆಗೂ ಉಳಿದಿತ್ತು. ಬೆರಳಿಗೆ ಸ್ನಾಯು ನೋಯದಿದ್ದವರಿಗೆ ಮಾತ್ರ ಯಾವುದರಿಂದಲೂ ಅಂಥ ಲಾಭ ಆಗಲಿಲ್ಲ. ಬೆರಳಿನ ಪರೀಕ್ಷೆ ಮೊದಲಾಗಲಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಹೊರಗಿನಿಂದ ಪ್ಯಾಡ್ ಅಂಟಿಸಿ ಕೊಡುವ ಟೆನ್ಸ್ ಎಂಬ ಕರೆಂಟ್ ಯಂತ್ರ ಚಿಕ್ಕ ಊರುಗಳ ಫಿಸಿಯೋ ಕ್ಲಿನಿಕ್‌ಗಳಲ್ಲೂ ಸಿಗುತ್ತದೆ, ಮನೆಗೂ ಕೊಳ್ಳಬಹುದು. ಹಾಕಿಕೊಂಡಷ್ಟು ಹೊತ್ತು ನೋವು ಮರೆಸುತ್ತದೆ, ಬಿಗಿತವನ್ನು ಬಿಡಿಸುವುದಿಲ್ಲ. ದೂರ ಪ್ರಯಾಣಕ್ಕೆ, ಮುಟ್ಟಿನ ದಿನಗಳಿಗೆ ಒಳ್ಳೆಯದು. ಗರ್ಭಿಣಿಯರು, ಪೇಸ್‌ಮೇಕರ್ ಇರುವವರು ಕೇಳದೆ ಬಳಸಬಾರದು.

ಮಾತ್ರೆಗಳು

ಮಾತ್ರೆ ಬೇಡವೆಂದು ನಾನು ಹೇಳುವುದಿಲ್ಲ. ರಾತ್ರಿ ನಿದ್ದೆಯೇ ಇಲ್ಲದವರ ಸ್ನಾಯು ನನ್ನ ಕೈಗೂ ಬಗ್ಗುವುದಿಲ್ಲ. ಅಂಥವರಿಗೆ ಅಮಿಟ್ರಿಪ್ಟಿಲಿನ್ 10 ಅಥವಾ 25 ಮಿಲಿಗ್ರಾಂ ರಾತ್ರಿ ಹೊತ್ತು ಕೊಟ್ಟಾಗ ನೋವಿನ ಚೂಪು ಕಡಿಮೆಯಾಗಿ ನಿದ್ದೆ ಬರುತ್ತದೆ. ಅದು ಖಿನ್ನತೆಯ ಮಾತ್ರೆಯೆಂದು ಹೆದರುವವರಿದ್ದಾರೆ. ನೋವಿಗೆ ಕೊಡುವುದು ಬಹಳ ಸಣ್ಣ ಪ್ರಮಾಣ. ಆದರೆ ಬಾಯಿ ಒಣಗುತ್ತದೆ, ಮಲ ಗಟ್ಟಿಯಾಗುತ್ತದೆ. ಮಲಬದ್ಧತೆಯೇ ಈ ನೋವಿನ ಬೇರಾಗಿರುವವರಿಗೆ ಅದು ಹಿತವಲ್ಲ. ಮೂತ್ರಕೋಶದ ಕೆಳಗಿನ ಪ್ರಾಸ್ಟೇಟ್ ಗ್ರಂಥಿ ದಪ್ಪಗಾಗಿ ಮೂತ್ರ ಕಷ್ಟವಾಗಿರುವ ಹಿರಿಯ ಗಂಡಸರು, ಗ್ಲಾಕೋಮಾ (ಕಣ್ಣಿನೊಳಗಿನ ಒತ್ತಡದ ರೋಗ) ಇರುವವರು ಡಾಕ್ಟರಿಗೆ ಮೊದಲೇ ಹೇಳಬೇಕು. ಬೆಳಿಗ್ಗೆ ಮಂಪರು ಉಳಿದರೆ ಸಂಪಾಜೆ ಘಾಟಿಯಲ್ಲಿ ಗಾಡಿ ಓಡಿಸುವುದು ಅಪಾಯ.

ಬ್ಯಾಕ್ಲೋಫೆನ್, ಟಿಜಾನಿಡಿನ್‌ನಂಥ ಸ್ನಾಯು ಸಡಿಲಿಸುವ ಮಾತ್ರೆಗಳು ಇಡೀ ಮೈಯನ್ನು ಸಡಿಲಿಸುತ್ತವೆ, ಒಂದು ಜಾಗವನ್ನಷ್ಟೇ ಅಲ್ಲ. ನೋವು ಕೆರಳಿದ ಕೆಲವು ದಿನಗಳಿಗೆ ಸರಿ, ತಿಂಗಳುಗಟ್ಟಲೆ ನುಂಗಲು ಅಲ್ಲ. ಬ್ಯಾಕ್ಲೋಫೆನ್ ಬಹುಕಾಲ ತೆಗೆದುಕೊಂಡಿದ್ದರೆ ಥಟ್ಟನೆ ನಿಲ್ಲಿಸಬಾರದು. ಈ ಮಾತ್ರೆಗಳ ಮೇಲೆ ಮದ್ಯ ಬೇಡವೇ ಬೇಡ. ಮದುವೆ, ಹಬ್ಬದ ದಿನ ಇದನ್ನು ಮರೆಯಬಾರದು. ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನೋವಿನ ಮಾತ್ರೆಗಳು ಕಿಡ್ನಿಗೆ, ಹೊಟ್ಟೆಗೆ ಭಾರ, ಈ ನೋವಿಗೆ ಫಲವೂ ಅಲ್ಪ.

ನರದ ನೋವಿಗೆ ಕೊಡುವ ಗ್ಯಾಬಪೆಂಟಿನ್ ಬಗ್ಗೆ ಖಚಿತವಾಗಿ ಹೇಳಬಹುದು. ಲ್ಯಾಪ್ರೊಸ್ಕೋಪಿಯಲ್ಲಿ (ಹೊಟ್ಟೆಯೊಳಗೆ ಕ್ಯಾಮೆರಾ ಇಳಿಸಿ ನೋಡುವುದು) ಕಾರಣ ಸಿಗದ ದೀರ್ಘ ಕಿಬ್ಬೊಟ್ಟೆ ನೋವಿನ 306 ಹೆಂಗಸರ ಮೇಲೆ ಬ್ರಿಟನ್ನಿನಲ್ಲಿ ನಡೆದು 2020ರಲ್ಲಿ ‘ದಿ ಲ್ಯಾನ್ಸೆಟ್’ನಲ್ಲಿ ಬಂದ ಅಧ್ಯಯನದಲ್ಲಿ ಅದು ಮದ್ದಿಲ್ಲದ ಬರೀ ಗುಳಿಗೆಗಿಂತ ಹೆಚ್ಚೇನೂ ಮಾಡಲಿಲ್ಲ; ತಲೆಸುತ್ತು, ಮಂಪರು ಮಾತ್ರ ಹೆಚ್ಚಾಯಿತು. ನಿಮಗೆ ಅದನ್ನು ಬರೆದುಕೊಟ್ಟು ತಿಂಗಳುಗಳಾಗಿ ಪ್ರಯೋಜನ ಕಾಣದಿದ್ದರೆ, ನಿಧಾನವಾಗಿ ಇಳಿಸಿ ನಿಲ್ಲಿಸಬಹುದೇ ಎಂದು ಕೇಳಿ.

ಇನ್ನು ಆಂಟಿಬಯೋಟಿಕ್. ಗಂಡಸರಿಗೆ ‘ಪ್ರಾಸ್ಟೇಟ್ ಇನ್‌ಫೆಕ್ಷನ್’ ಎಂದು ವಾರಗಟ್ಟಲೆ, ಮತ್ತೆ ಮತ್ತೆ ಕೊಡುವುದನ್ನು ಕಂಡಾಗ ನನಗೆ ಬಹಳ ಬೇಸರವಾಗುತ್ತದೆ. ಪ್ರಾಸ್ಟಟೈಟಿಸ್ (ಪ್ರಾಸ್ಟೇಟ್ ಉರಿಯೂತ) ಎಂದು ಹೆಸರಿಡುವ ಬಹುಪಾಲು ಪ್ರಕರಣಗಳಲ್ಲಿ ರೋಗಾಣುವೇ ಇರುವುದಿಲ್ಲ. ಸಿಪ್ರೊಫ್ಲಾಕ್ಸಾಸಿನ್ ಎಂಬ ಆಂಟಿಬಯೋಟಿಕ್, ಮೂತ್ರದ ದಾರಿ ಸಡಿಲಿಸುವ ಟ್ಯಾಮ್ಸುಲೋಸಿನ್ ಇವೆರಡನ್ನು ಬೇರೆಬೇರೆಯಾಗಿಯೂ ಜೊತೆಯಾಗಿಯೂ 196 ಗಂಡಸರಲ್ಲಿ ಆರು ವಾರ ಬರೀ ಗುಳಿಗೆಗೆ ಹೋಲಿಸಿ ನೋಡಿದ 2004ರ ಅಧ್ಯಯನದಲ್ಲಿ ಲಾಭ ಕಾಣಲಿಲ್ಲ. 2008ರಲ್ಲಿ ಟ್ಯಾಮ್ಸುಲೋಸಿನ್ ಬಗೆಯದೇ ಆದ ಆಲ್ಫುಜೋಸಿನ್ ಎಂಬ ಇನ್ನೊಂದು ಮಾತ್ರೆಯನ್ನು 12 ವಾರ ಕೊಟ್ಟಾಗ ಔಷಧದ ಗುಂಪಿನಲ್ಲೂ ಬರೀ ಗುಳಿಗೆಯ ಗುಂಪಿನಲ್ಲೂ ಗುಣವಾದವರು ಅಷ್ಟೇ, 49.3%. ಮೂತ್ರದ ಕಲ್ಚರ್ ಪರೀಕ್ಷೆಯಲ್ಲಿ ರೋಗಾಣು ಬೆಳೆದಿದ್ದರೆ ಆಂಟಿಬಯೋಟಿಕ್ ಬೇಕು. ಬೆಳೆಯದಿದ್ದರೆ ಮೂರನೇ ಸಲದ ಚೀಟಿಗೆ ಮುಂಚೆ ‘ಯಾಕೆ?’ ಎಂದು ಕೇಳಲು ಸಂಕೋಚ ಬೇಡ.

ಸೂಜಿ ಚಿಕಿತ್ಸೆಗಳು

ಕೈಚಿಕಿತ್ಸೆಯಿಂದ ಅರ್ಧ ದಾರಿ ಬಂದು ನಿಂತವರಿಗೆ, ಅಥವಾ ಬೆರಳು ಮುಟ್ಟಿದರೂ ತಾಳಲಾರದಷ್ಟು ನೋವಿರುವವರಿಗೆ ನೋವಿನ ಗಂಟಿನೊಳಗೆ ಲಿಗ್ನೊಕೇನ್‌ನಂಥ ಮರಗಟ್ಟಿಸುವ ಮದ್ದಿನ ಇಂಜೆಕ್ಷನ್ ಕೊಡುತ್ತಾರೆ. ಕೆಲವು ಗಂಟೆ, ಕೆಲವು ದಿನ, ಕೆಲವರಿಗೆ ವಾರಗಳು ಹಗುರವೆನಿಸುತ್ತದೆ. ಆ ಬಿಡುವಿನಲ್ಲಿ ಫಿಸಿಯೋ ಮಾಡಿಸಿಕೊಂಡರೆ ಫಲ ಉಳಿಯುತ್ತದೆ. ಇಂಜೆಕ್ಷನ್ ಒಂದನ್ನೇ ನೆಚ್ಚಿಕೊಂಡರೆ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಇಂಜೆಕ್ಷನ್ ದಿನ ಗೊತ್ತುಮಾಡುವ ಮುಂಚೆ ಅದರ ಮರುದಿನದ ಫಿಸಿಯೋಗೆ ಸಮಯ ಗೊತ್ತುಮಾಡಿಕೊಳ್ಳಿ.

ಬೊಟಾಕ್ಸ್ ದುಬಾರಿ. ಸ್ನಾಯುವನ್ನು ಸುಮಾರು ಮೂರು ತಿಂಗಳು ಸಡಿಲವಾಗಿಡುತ್ತದೆ, ಆಮೇಲೆ ಇಳಿಯುತ್ತದೆ. ಆಸ್ಟ್ರೇಲಿಯಾದಲ್ಲಿ 60 ಹೆಂಗಸರ ಮೇಲೆ ನಡೆದ 2006ರ ಅಧ್ಯಯನದಲ್ಲಿ ಬೊಟಾಕ್ಸ್ ಪಡೆದವರ ಬಿಗಿತವೂ ನೋವೂ ಕಡಿಮೆಯಾದವು, ಆದರೆ ಉಪ್ಪುನೀರಿನ ಇಂಜೆಕ್ಷನ್ ಪಡೆದವರಿಗೆ ಹೋಲಿಸಿದಾಗ ನೋವಿನ ವ್ಯತ್ಯಾಸ ಖಚಿತವಾಗಲಿಲ್ಲ. ಕೆಲವರಿಗೆ ಕೆಲಕಾಲ ಮೂತ್ರವೋ ಗಾಳಿಯೋ ಮಲವೋ ಹಿಡಿತ ತಪ್ಪುತ್ತದೆ. ತೋಟದ ಕೆಲಸಕ್ಕೆ ಹೋಗುವ ಹೆಣ್ಣುಮಗಳಿಗೆ ಮೂರು ತಿಂಗಳು ಆ ಪಾಡೆಂದರೆ ಸಣ್ಣ ಮಾತಲ್ಲ. ಬೇರೆಲ್ಲ ಮಾಡಿ ಸೋತ ಮೇಲೆ, ಅನುಭವವಿರುವವರ ಕೈಯಲ್ಲಿ ಮಾತ್ರ.

ಅಕ್ಯುಪಂಕ್ಚರ್‌ಗೆ ಗಂಡಸರಲ್ಲಿ ಒಳ್ಳೆಯ ಆಧಾರವಿದೆ. ಚೀನಾದಲ್ಲಿ 440 ಗಂಡಸರನ್ನು ಎರಡು ಗುಂಪು ಮಾಡಿ ಎಂಟು ವಾರದಲ್ಲಿ 20 ಸಲ ಮಾಡಿದಾಗ, ನಿಜವಾದ ಸೂಜಿ ಚಿಕಿತ್ಸೆ ಪಡೆದವರಲ್ಲಿ 60.6% ಮಂದಿಗೆ ಗುಣ ಕಂಡಿತು. ತೋರಿಕೆಗೆ ಸೂಜಿ ತಾಗಿಸಿದವರಲ್ಲಿ 36.8%. ಇದು 2021ರಲ್ಲಿ ಪ್ರಕಟವಾಯಿತು. ವಾರಕ್ಕೆ ಎರಡು ಮೂರು ಸಲ ಹೋಗಬೇಕಾದ್ದರಿಂದ ಹತ್ತಿರದಲ್ಲೇ ಕಲಿತವರಿದ್ದರೆ ಮಾತ್ರ ನಡೆಯುವ ಮಾತು. ಗಂಡಸರಿಗೇ ಇರುವ ಶಾಕ್‌ವೇವ್ (ಹೊರಗಿನಿಂದ ಧ್ವನಿ ಅಲೆಗಳನ್ನು ಹಾಯಿಸುವ) ಚಿಕಿತ್ಸೆ ವಾರಕ್ಕೊಂದರಂತೆ ನಾಲ್ಕು ಸಲ ಮುಗಿಯುತ್ತದೆ, ದೂರದವರಿಗೆ ಆ ಮಟ್ಟಿಗೆ ಅನುಕೂಲ; ಆದರೆ ಅಧ್ಯಯನಗಳು ಸಣ್ಣವು.

ಗರ್ಭಕೋಶ ತೆಗೆಸುವುದು

ಇದನ್ನು ಬೇರೆಯಾಗಿಯೇ ಹೇಳಬೇಕು. ಮಕ್ಕಳಾಗಿವೆ, ಇನ್ನು ಯಾಕೆ ಬೇಕು ಎಂಬ ಮಾತಿಗೆ ಒಪ್ಪಿ ಗರ್ಭಕೋಶ ತೆಗೆಸಿಕೊಂಡು, ನೋವು ಹಾಗೆಯೇ ಉಳಿದು ಬರುವ ಹೆಂಗಸರನ್ನು ಕಂಡರೆ ಸಂಕಟವಾಗುತ್ತದೆ. ನೋವು ಸ್ನಾಯುವಿನದಾದರೆ ಗರ್ಭಕೋಶ ತೆಗೆದ ಮಾತ್ರಕ್ಕೆ ಸ್ನಾಯು ಸಡಿಲವಾಗುವುದಿಲ್ಲ. ಜೊತೆಗೆ ಅಂಡಾಶಯವನ್ನೂ ತೆಗೆದರೆ ಮುಟ್ಟು ನಿಲ್ಲುವ ವಯಸ್ಸಿಗೆ ಮುಂಚೆಯೇ ಮೂಳೆ ಸವೆಯುತ್ತದೆ, ಹೃದಯಕ್ಕೂ ಅಪಾಯ ಹೆಚ್ಚುತ್ತದೆ. ಅತಿಯಾದ ರಕ್ತಸ್ರಾವ, ದೊಡ್ಡ ಗಡ್ಡೆ, ಕ್ಯಾನ್ಸರ್ ಇಂಥ ಕಾರಣಗಳಿದ್ದರೆ ಮಾತು ಬೇರೆ. ಬರೀ ನೋವಿಗೆಂದು ಯಾರಾದರೂ ಸೂಚಿಸಿದರೆ ಇನ್ನೊಬ್ಬ ಸ್ತ್ರೀರೋಗ ತಜ್ಞರನ್ನು ಕಾಣದೆ ಸಹಿ ಮಾಡಬೇಡಿ. ಸರ್ಕಾರದ ಆರೋಗ್ಯ ಕಾರ್ಡು, ವಿಮೆ ಸಾಮಾನ್ಯವಾಗಿ ದಾಖಲಾಗಿ ಮಾಡಿಸುವ ಆಪರೇಷನ್ನಿಗೆ ಸಿಗುತ್ತದೆ, ಹೋಗಿಬಂದು ಮಾಡಿಸುವ ಫಿಸಿಯೋಗೆ ಸಿಗುವುದು ಕಷ್ಟ. ದುಡ್ಡಿನ ಈ ಲೆಕ್ಕವೇ ದೇಹದ ಲೆಕ್ಕವಾಗಿಬಿಡುವುದು ಅನ್ಯಾಯ.

ಮನೆಯಲ್ಲಿ ಮಾಡುವುದು

ಯಾವ ಚಿಕಿತ್ಸೆ ಆರಿಸಿದರೂ ಇದು ಜೊತೆಗಿರಲೇಬೇಕು, ಖರ್ಚೂ ಇಲ್ಲ. ಬಚ್ಚಲ ಹಂಡೆಯ ಬಿಸಿನೀರು ನಮ್ಮ ಮನೆಗಳಲ್ಲಿ ಸದಾ ಇರುತ್ತದೆ. ಅಗಲ ಟಬ್ಬಿನಲ್ಲಿ ಸುಡದಷ್ಟು ಬಿಸಿನೀರು ತುಂಬಿ ಸೊಂಟ ಮುಳುಗುವಂತೆ ಹದಿನೈದು ನಿಮಿಷ ಕೂರುವುದು, ಜಡಿಮಳೆಯ ತಂಡಿಯಲ್ಲಿ ನೆನೆದು ಬಂದ ದಿನವಂತೂ ತಪ್ಪದೆ. ಆಮೇಲೆ ಮಲಗಿ ಉಸಿರಾಟ. ಹೊಟ್ಟೆ ಏಳುವಂತೆ ಉಸಿರೆಳೆದಾಗ ಎದೆಗೂಡಿನ ತಳದ ವಪೆ ಕೆಳಗಿಳಿಯುತ್ತದೆ, ಅದರೊಡನೆ ಪೆಲ್ವಿಕ್ ಫ್ಲೋರ್ ಕೂಡ ಕೆಳಗಿಳಿದು ಸಡಿಲವಾಗುತ್ತದೆ. ಹತ್ತು ನಿಮಿಷ, ದಿನಕ್ಕೆ ಎರಡು ಸಲ. ಬಾಲಾಸನ, ಸುಪ್ತ ಬದ್ಧಕೋಣಾಸನ ಒಳ್ಳೆಯವು. ಯೋಗ ತರಗತಿಗೆ ಹೋಗುವವರು ಮೂಲಬಂಧ, ಅಶ್ವಿನಿ ಮುದ್ರೆ ಎರಡನ್ನು ಸದ್ಯಕ್ಕೆ ಬಿಡಿ, ಅವೆರಡೂ ಇದೇ ಸ್ನಾಯುವನ್ನು ಬಿಗಿಸುವಂಥವು.

ಮಲ ಮೆತ್ತಗಿರಬೇಕು. ಅಕ್ಕಿಯ ಒಟ್ಟಿ, ಕಡುಂಬುಟ್ಟು, ಮಾಂಸದ ಊಟದ ಪಕ್ಕದಲ್ಲಿ ಸೊಪ್ಪು, ಮಳೆಗಾಲದ ಕಣಿಲೆ, ಬಾಳೆಹಣ್ಣು ಇರಲಿ. ಕಮೋಡ್ ಇರುವ ಮನೆಯಲ್ಲಿ ಕಾಲಡಿಗೆ ಸಣ್ಣ ಮಣೆ ಇಟ್ಟು ಮೊಣಕಾಲು ಮೇಲೆತ್ತಿ ಕೂರಿ, ತಿಣುಕಬೇಡಿ. ಕಾಫಿಯ ನಾಡಿನಲ್ಲಿ ಹೇಳುವುದು ಕಷ್ಟ, ಆದರೂ ಮೂತ್ರದ ಅವಸರ, ಉರಿ ಇರುವವರು ಬೆಲ್ಲದ ಕಾಫಿಯನ್ನೂ ಸೇರಿಸಿ ದಿನಕ್ಕೆ ಒಂದು ಲೋಟಕ್ಕೆ ಇಳಿಸಿ ಎರಡು ವಾರ ನೋಡಿ. ಆಯುರ್ವೇದದ ಬಿಸಿ ಎಣ್ಣೆಯ ಅಭ್ಯಂಗ ಹಿತ ಕೊಡುತ್ತದೆ, ಮಾಡಿಸಿಕೊಳ್ಳಲು ಅಡ್ಡಿಯಿಲ್ಲ. ಹೆಸರಿಲ್ಲದ ಪುಡಿ, ಭಸ್ಮಗಳನ್ನು ಮಾತ್ರ ನುಂಗಬೇಡಿ.

ನೋವು ಹಳೆಯದಾದಷ್ಟೂ ಭಯ ಅದರೊಳಗೆ ಹೆಣೆದುಕೊಳ್ಳುತ್ತದೆ. ಕ್ಯಾನ್ಸರ್ ಇರಬಹುದು, ಸಂಸಾರ ಮುರಿಯಬಹುದು ಎಂಬ ಚಿಂತೆ ಬಂದ ಕ್ಷಣ ಸ್ನಾಯು ಮತ್ತೆ ಬಿಗಿಯುತ್ತದೆ. ಆಪ್ತಸಮಾಲೋಚಕರ ಬಳಿ ಹೋಗಿ ಎಂದರೆ ನೋವು ಸುಳ್ಳೆಂದು ಅರ್ಥವಲ್ಲ, ಅದೂ ಚಿಕಿತ್ಸೆಯ ಒಂದು ಭಾಗ. ಸರ್ಕಾರದ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಯಾರಿಗೆ ಯಾವುದು

ತೋಟದ ಕೂಲಿಯವರ ಲೈನ್‌ಮನೆಯಲ್ಲಿದ್ದು ದಿನಗೂಲಿಗೆ ಹೋಗುವವರಿಗೆ ಮೈಸೂರಿಗೆ ಹತ್ತು ಸಲ ಹೋಗಿ ಎನ್ನುವುದು ನ್ಯಾಯವಲ್ಲ. ಅವರಿಗೆ ಮಡಿಕೇರಿಯಲ್ಲಿ ಒಮ್ಮೆ ಸರಿಯಾದ ಪರೀಕ್ಷೆ, ರಾತ್ರಿಗೊಂದು ಸಣ್ಣ ಮಾತ್ರೆ, ಬಿಸಿನೀರು, ಉಸಿರಾಟ, ಒಂದೆರಡು ಸಲ ನಗರಕ್ಕೆ ಹೋಗಿ ಮನೆಚಿಕಿತ್ಸೆ ಕಲಿಯುವುದು, ಕೆಲಸದ ನಡುವೆ ಮೂರು ಗಂಟೆಗೊಮ್ಮೆ ಮೂತ್ರಕ್ಕೆ ಹೋಗಲು ಜಾಗ. ಈ ಕೊನೆಯದು ಸಿಗದಿದ್ದರೆ ಉಳಿದದ್ದು ನಿಲ್ಲುವುದಿಲ್ಲ. ಗಾಡಿ ಓಡಿಸುವ ಗಂಡಸರು ಮಂಪರು ತರುವ ಮಾತ್ರೆ ಬಿಟ್ಟು ಕೈಚಿಕಿತ್ಸೆಗೆ ಮೊದಲ ಸ್ಥಾನ ಕೊಡಲಿ. ಮಧ್ಯದಲ್ಲಿ ತೂತಿರುವ ಸೀಟಿನ ಮೆತ್ತೆ ಕೊಳ್ಳಲಿ. ಕೂಡುವಾಗ ನೋವಿರುವ ಹೊಸ ದಂಪತಿಗಳಿಗೆ ಫಿಸಿಯೋ ಜೊತೆ ಡೈಲೇಟರ್‌ಗಳ (ಯೋನಿಯನ್ನು ಮೆಲ್ಲಮೆಲ್ಲಗೆ ಸಡಿಲಿಸಲು ಬಳಸುವ, ಗಾತ್ರ ಏರುತ್ತ ಹೋಗುವ ನುಣುಪು ಕೊಳವೆಗಳು) ಕ್ರಮವಾದ ಅಭ್ಯಾಸ ಬೇಕು, ಗಂಡನೂ ಒಂದು ಸಲವಾದರೂ ಜೊತೆಗೆ ಬಂದು ಕೂತು ಕೇಳಬೇಕು. ಮಲಬದ್ಧತೆಯ ಹಿರಿಯರಿಗೆ ಬಯೋಫೀಡ್‌ಬ್ಯಾಕ್.

ಆರು ಸಲ ಕೈಚಿಕಿತ್ಸೆ ಆದ ಮೇಲೂ ಕೂರುವ ಹೊತ್ತು, ನಿದ್ದೆ, ಮೂತ್ರಕ್ಕೆ ಹೋಗುವ ಸಲ ಈ ಮೂರರಲ್ಲಿ ಒಂದೂ ಸುಧಾರಿಸದಿದ್ದರೆ ಅದನ್ನೇ ಮುಂದುವರಿಸಬೇಡಿ; ಪರೀಕ್ಷೆಯನ್ನು ಮತ್ತೆ ಮೊದಲಿನಿಂದ ಮಾಡಿಸಿ, ಇಂಜೆಕ್ಷನ್ ಸೇರಿಸಬೇಕೇ, ಬೇರೆ ರೋಗ ತಪ್ಪಿಹೋಗಿದೆಯೇ ಎಂದು ಕೇಳಿ. ಮೊದಲ ಸಲ ಡಾಕ್ಟರೆದುರು ಕೂತಾಗ ಮಾತು ಹೊರಡದಿದ್ದರೆ ಇದನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ ಕೊಡಿ: ‘ಡಾಕ್ಟ್ರೇ, ಕೂತರೆ ಕೆಳಗೆ ನೋವು, ಆರು ತಿಂಗಳ ಮೇಲಾಯ್ತು. ರಿಪೋರ್ಟ್ ಎಲ್ಲಾ ನಾರ್ಮಲ್ ಇದೆ. ಒಳಗಿನ ಸ್ನಾಯು ಬಿಗಿದಿದೆಯಾ ಅಂತ ಬೆರಳಿನಿಂದ ಪರೀಕ್ಷೆ ಮಾಡಿ ನೋಡ್ತೀರಾ?’